ಹನ್ನೆರಡರಲ್ಲಿ ಆರು ಕಳೆದರೆ ಬ್ಯಾಂಕಿಗೆ ಉಳಿಯುವುದೆಷ್ಟು?

ಓದುಗರ ಪ್ರಶ್ನೆ: ನನ್ನದೊಂದು ಸಣ್ಣ ಉದ್ಯಮ. ಒಂದೇ ಬ್ಯಾಂಕಿನಲ್ಲಿ ನನ್ನ ಠೇವಣಿಯೂ ಇದೆ, ಸಾಲವೂ ಇದೆ. ಒಂದು ವರ್ಷದ ಠೇವಣಿಗೆ ಅವರು ಕೊಡುವುದು ಶೇ 6. ವ್ಯವಹಾರದ ಸಾಲಕ್ಕೆ ತೆಗೆದುಕೊಳ್ಳುವುದು ಶೇ 12. ಅಂದರೆ ನನ್ನ ದುಡ್ಡನ್ನೇ ನನಗೆ ಕೊಟ್ಟು ನೂರಕ್ಕೆ ಆರು ಉಳಿಸಿಕೊಂಡ ಹಾಗಾಯಿತು. ಆದರೆ ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ‘ನಿವ್ವಳ ಬಡ್ಡಿ ಮಾರ್ಜಿನ್ ಶೇ 3.2’ ಅಂತ ಇದೆ. ಉಳಿದದ್ದು ಎಲ್ಲಿ ಹೋಯಿತು? ಲೆಕ್ಕ ಮುಚ್ಚಿಡುತ್ತಿದ್ದಾರಾ? ಕೇಂದ್ರ ಬ್ಯಾಂಕ್ ದರ ಏರಿಸಿದಾಗ ನನ್ನ ಸಾಲದ ಬಡ್ಡಿ ತಕ್ಷಣ ಏರಿತು, ಠೇವಣಿಯದ್ದು ಮಾತ್ರ ಕದಲಲಿಲ್ಲ. ಇದು ನ್ಯಾಯವೇ? ಇನ್ನೊಂದು ಬ್ಯಾಂಕಿನ ಮಾರ್ಜಿನ್ 5ರ ಹತ್ತಿರ ಇದೆಯಂತೆ. ಅಷ್ಟು ದುಡಿಯುವ ಬ್ಯಾಂಕ್ ಗಟ್ಟಿಯಾಗಿಯೇ ಇರಬೇಕಲ್ಲ? ಠೇವಣಿ ಅಲ್ಲಿಗೆ ಸಾಗಿಸಿ, ಸ್ವಲ್ಪ ಷೇರನ್ನೂ ಕೊಳ್ಳೋಣ ಅಂದುಕೊಂಡಿದ್ದೇನೆ.

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ಕೌಂಟರಿನಲ್ಲಿ 6 ಕೊಟ್ಟು ಪಕ್ಕದ ಕೌಂಟರಿನಲ್ಲಿ 12 ಕೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನ ಸಾಲ ವಿಭಾಗದಲ್ಲಿ, ಆಮೇಲೆ ಖಜಾನೆ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಈ ಪ್ರಶ್ನೆಯನ್ನು ಗ್ರಾಹಕರಿಗಿಂತ ನೆಂಟರೇ ಜಾಸ್ತಿ ಕೇಳಿದ್ದಾರೆ.

ಮುಚ್ಚಿಟ್ಟದ್ದು ಏನೂ ಇಲ್ಲ. 6 ಅನ್ನುವುದು ನಿಮ್ಮೊಬ್ಬರ ಲೆಕ್ಕ, 3.2 ಇಡೀ ಬ್ಯಾಂಕಿನ ಲೆಕ್ಕ. ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿ ಕಳೆಯುತ್ತಾರೆ. ಉಳಿದದ್ದನ್ನು ಬಡ್ಡಿ ದುಡಿಯುವ ಆಸ್ತಿಯ ಸರಾಸರಿಯಿಂದ ಭಾಗಿಸುತ್ತಾರೆ. ಅದೇ ನಿವ್ವಳ ಬಡ್ಡಿ ಮಾರ್ಜಿನ್. ಬಾಯಲ್ಲಿ ಹೇಳಿದರೆ ಗಾಳಿಯಲ್ಲಿ ಹೋಗುತ್ತದೆ, ಒಂದು ಕಾಲ್ಪನಿಕ ಬ್ಯಾಂಕನ್ನು ಬಿಚ್ಚಿ ನೋಡೋಣ.

ಆ ಬ್ಯಾಂಕಿನ ಹತ್ತಿರ ಒಟ್ಟು 100 ಇದೆ ಅಂದುಕೊಳ್ಳಿ. ಅದರಲ್ಲಿ 8 ಷೇರುದಾರರ ಬಂಡವಾಳ, 92 ಜನರ ಠೇವಣಿ. ಆ 100ರಲ್ಲಿ 4 ಬಡ್ಡಿಯಿಲ್ಲದ ಮೀಸಲಾಗಿ ಕೇಂದ್ರ ಬ್ಯಾಂಕಿನಲ್ಲಿ ಕೂತಿದೆ. ಇನ್ನು 4 ಕಟ್ಟಡ, ಕಂಪ್ಯೂಟರ್, ಎಟಿಎಂ ಅಂತ ಸಿಕ್ಕಿಕೊಂಡಿದೆ. 24 ಸರ್ಕಾರಿ ಬಾಂಡಿನಲ್ಲಿದೆ, ಅದಕ್ಕೆ ಶೇ 6 ಬಡ್ಡಿ. ಮಿಕ್ಕ 68 ಮಾತ್ರ ಸಾಲ. ಆ ಸಾಲವೂ ಪೂರ್ತಿ 12ಕ್ಕೆ ಹೋಗಿಲ್ಲ. ದೊಡ್ಡ ಕಂಪನಿಗಳು ಚೌಕಾಸಿ ಮಾಡಿ ಕಡಿಮೆಗೆ ಒಯ್ದಿರುತ್ತವೆ, ಮನೆ ಸಾಲಗಳು ನಡುವೆ ಎಲ್ಲೋ ಇರುತ್ತವೆ. ಸರಾಸರಿ ಶೇ 8.5 ಅನ್ನಿ. ಅದರಲ್ಲೂ 2ರಷ್ಟು ಸಾಲ ಕಂತು ಕಟ್ಟುವುದನ್ನೇ ನಿಲ್ಲಿಸಿದೆ, ಅಲ್ಲಿಂದ ಬಡ್ಡಿ ಸೊನ್ನೆ. ಹಾಗಾಗಿ ಸಾಲದಿಂದ ಬಂದದ್ದು 5.61, ಬಾಂಡಿನಿಂದ 1.44. ಒಟ್ಟು 7.05.

ಈಗ ಕೊಡುವ ಕಡೆ ಬನ್ನಿ. 92ರಲ್ಲಿ 60 ನಿಮ್ಮಂಥವರ ಅವಧಿ ಠೇವಣಿ, ಶೇ 6. ಬಾಕಿ 32 ಉಳಿತಾಯ ಖಾತೆ ಮತ್ತು ಚಾಲ್ತಿ ಖಾತೆಯದ್ದು. ಅದಕ್ಕೆ ಸರಾಸರಿ ಒಂದೂವರೆ ಕೊಟ್ಟರೆ ಹೆಚ್ಚು. ಒಟ್ಟು ಖರ್ಚು 4.08. ಕೈಯಲ್ಲಿ ಉಳಿದದ್ದು 2.97. ಬಡ್ಡಿ ದುಡಿಯುವ ಆಸ್ತಿ 92 ಇತ್ತಲ್ಲ, ಅದರಿಂದ ಭಾಗಿಸಿ ನೋಡಿ. 3.2 ಬರುತ್ತದೆ. ನಿಮ್ಮ ಬ್ಯಾಂಕಿನ ಅಂಕಿಗಳು ಹೀಗೇ ಇರುತ್ತವೆ ಅಂತಲ್ಲ, ಆದರೆ ದಾರಿ ಇದೇ.

ಇದಿನ್ನೂ ಲಾಭವಲ್ಲ. ಸಂಬಳ, ಬಾಡಿಗೆ, ತಂತ್ರಾಂಶಕ್ಕೆ 2 ಹೋಯಿತು ಅನ್ನಿ. ಮುಳುಗಬಹುದಾದ ಸಾಲಕ್ಕೆ 0.6 ತೆಗೆದಿಟ್ಟರು. ಶುಲ್ಕ, ಕಮಿಷನ್ ಕಡೆಯಿಂದ 0.8 ಬಂತು. 1.17 ಉಳಿಯಿತು. ಅದರಲ್ಲಿ ಕಾಲು ಭಾಗ ತೆರಿಗೆ. ಕೊನೆಗೆ ನೂರಕ್ಕೆ 0.88. ಒಂದೂ ಪೂರ್ತಿ ಇಲ್ಲ. ಹಾಗಂತ ಬ್ಯಾಂಕ್ ಬಡವಾಯಿತು ಅಂತ ಮರುಗಬೇಡಿ. ಷೇರುದಾರರು ಹಾಕಿದ್ದು ಬರೀ 8, ಅದರ ಮೇಲೆ 0.88 ಅಂದರೆ ಶೇ 11 ಗಳಿಕೆ. ಬೇರೆಯವರ 92ನ್ನು ಇಟ್ಟುಕೊಂಡು ನಡೆಸುವ ವ್ಯಾಪಾರ ಇದು. ಅದಕ್ಕೇ ಇಲ್ಲಿ ನೂರಕ್ಕೆ 0.25 ಆಚೀಚೆ ಆದರೂ ಬ್ಯಾಂಕಿನವರಿಗೆ ನಿದ್ದೆ ಬರುವುದಿಲ್ಲ.

ಸರಿ, ಸರಾಸರಿ 8.5 ಇರುವಾಗ ನಿಮಗೇಕೆ 12? ಇಲ್ಲಿ ಎರಡು ಸಂಗತಿ ಇವೆ. ಒಂದು, ಕೆಲಸದ ಖರ್ಚು. ಸಾಲ ಸಣ್ಣದಿರಲಿ, ಅದರ ನೂರು ಪಟ್ಟು ಇರಲಿ, ಕಾಗದಪತ್ರ ನೋಡಬೇಕು, ಸ್ಥಳಕ್ಕೆ ಹೋಗಿ ಬರಬೇಕು, ಅಡಮಾನ ಪರಿಶೀಲಿಸಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ನಾನು ಸಾಲ ವಿಭಾಗದಲ್ಲಿದ್ದಾಗ ದೊಡ್ಡ ಕಂಪನಿಯ ಫೈಲು ಮತ್ತು ಸಣ್ಣ ಉದ್ಯಮದ ಫೈಲು ಮೇಜಿನ ಮೇಲೆ ಹೆಚ್ಚುಕಮ್ಮಿ ಒಂದೇ ದಪ್ಪ ಇರುತ್ತಿದ್ದವು. ಎಷ್ಟೋ ಸಲ ಸಣ್ಣದರದ್ದೇ ದಪ್ಪ, ಯಾಕೆಂದರೆ ಲೆಕ್ಕಪತ್ರ ಅಚ್ಚುಕಟ್ಟಾಗಿ ಇಲ್ಲದೆ ಹತ್ತು ಸಲ ಪತ್ರ ಬರೆಯಬೇಕಾಗುತ್ತಿತ್ತು. ದೊಡ್ಡ ಸಾಲದಲ್ಲಿ ಆ ಖರ್ಚು ಕರಗಿಹೋಗುತ್ತದೆ. ಸಣ್ಣ ಸಾಲದಲ್ಲಿ ಬಡ್ಡಿಯ ಮೇಲೆ ಕೂರುತ್ತದೆ. ಕಿರುಸಾಲ ಸಂಸ್ಥೆಗಳ ಬಡ್ಡಿ ಜಗತ್ತಿನ ಎಲ್ಲ ಕಡೆ ಜಾಸ್ತಿ ಇರುವುದಕ್ಕೆ ಇದೇ ಮುಖ್ಯ ಕಾರಣ.

ಎರಡನೆಯದು ಸ್ವಲ್ಪ ಕಹಿ. ನಿಮ್ಮಂಥ ನೂರು ಜನರಿಗೆ ಸಾಲ ಕೊಟ್ಟರೆ ಎರಡು ಮೂರು ಜನ ಕಟ್ಟುವುದಿಲ್ಲ ಅಂತ ಬ್ಯಾಂಕಿಗೆ ಹಳೆಯ ಅನುಭವ ಇರುತ್ತದೆ. ಯಾರು ಅನ್ನುವುದು ಮುಂಚೆ ಗೊತ್ತಾಗುವುದಿಲ್ಲ. ಹಾಗಾಗಿ ಆ ನಷ್ಟವನ್ನು ನೂರೂ ಜನರ ಬಡ್ಡಿಗೆ ಹಂಚಿಬಿಡುತ್ತಾರೆ. ನೀವು ಕಟ್ಟುವ 12ರಲ್ಲಿ ಕಟ್ಟದವನ ಪಾಲೂ ಇದೆ. ನ್ಯಾಯವೇ ಅಂತ ಕೇಳಿದರೆ, ಪೂರ್ತಿ ನ್ಯಾಯ ಅಂತ ನಾನೂ ಹೇಳಲಾರೆ.

ಇನ್ನು ಆ 32 ಇದೆಯಲ್ಲ, ಉಳಿತಾಯ ಮತ್ತು ಚಾಲ್ತಿ ಖಾತೆಯ ದುಡ್ಡು, ಬ್ಯಾಂಕಿನ ಮಾರ್ಜಿನ್ನಿನ ಬೇರು ಅದು. ಜನ ಸಾಲದ ಬಡ್ಡಿಯನ್ನೇ ದಿಟ್ಟಿಸಿ ನೋಡುತ್ತಾರೆ. ನಮ್ಮ ಕಣ್ಣು ಮಾತ್ರ ಸದಾ ಅಗ್ಗದ ಠೇವಣಿಯ ಮೇಲೆ. ಮೇಲಿನ ಲೆಕ್ಕದಲ್ಲಿ ಆ 32ಕ್ಕೂ ಶೇ 6 ಕೊಡಬೇಕಾಗಿ ಬಂದರೆ ಕೈಯಲ್ಲಿ ಉಳಿಯುವುದು 2.97ರ ಬದಲು 1.53. ಅಂದರೆ ಅರ್ಧಕ್ಕೆ ಅರ್ಧ. ಆ ಬ್ಯಾಂಕ್ ಆಗ ನಷ್ಟಕ್ಕೆ ಬೀಳುತ್ತದೆ. ಜನ ಉಳಿತಾಯ ಖಾತೆಯಲ್ಲಿ ದುಡ್ಡನ್ನು ಸುಮ್ನೆ ಬಿಟ್ಟಿರುತ್ತಾರಲ್ಲ, ಆ ಸೋಮಾರಿತನದಿಂದ ಬ್ಯಾಂಕುಗಳು ಬದುಕಿವೆ ಅಂದರೆ ತಪ್ಪಲ್ಲ.

ಈಗ ನಿಮ್ಮ ಎರಡನೇ ದೂರು. ಸಾಲದ ದರ ಓಡಿತು, ಠೇವಣಿ ದರ ಕೂತಿತು. ಇದು ನಿಜ, ಮತ್ತು ಬ್ಯಾಂಕುಗಳು ಇದರ ಲಾಭ ಪಡೆಯುವುದೂ ನಿಜ. ನಿಮ್ಮ ಸಾಲ ಬಹುಶಃ ಫ್ಲೋಟಿಂಗ್, ಅಂದರೆ ಒಂದು ಹೊರಗಿನ ದರಕ್ಕೆ ಕಟ್ಟಿಹಾಕಿದ್ದು. ಅದು ಏರಿದರೆ ಇದೂ ಏರುತ್ತದೆ. ನಿಮ್ಮ ಠೇವಣಿ ಒಂದು ವರ್ಷಕ್ಕೆ ನಿಗದಿಯಾದದ್ದು. ಅವಧಿ ಮುಗಿಯುವವರೆಗೆ ಕದಲುವುದಿಲ್ಲ. ಉಳಿತಾಯ ಖಾತೆಯ ದರವನ್ನಂತೂ ಗಿರಾಕಿ ಬಿಟ್ಟುಹೋಗುವ ಭಯ ಹುಟ್ಟುವವರೆಗೆ ಯಾರೂ ಮುಟ್ಟುವುದಿಲ್ಲ. ಆದರೆ ಇದೇ ಸಿನಿಮಾ ಹಿಂದಕ್ಕೂ ಓಡುತ್ತದೆ. ದರ ಇಳಿದಾಗ ನಿಮ್ಮ ಸಾಲ ತಕ್ಷಣ ಅಗ್ಗವಾಗುತ್ತದೆ, ಬ್ಯಾಂಕ್ ಮಾತ್ರ ಹಳೆಯ ದುಬಾರಿ ಠೇವಣಿಗೆ ಬಡ್ಡಿ ಕೊಡುತ್ತಾ ಕೂರಬೇಕು. ಆಗ ಮಾರ್ಜಿನ್ ಸೊರಗುತ್ತದೆ. ಆ ತಿಂಗಳುಗಳಲ್ಲಿ ಯಾರೂ ನಮಗೆ ಸಮಾಧಾನದ ಪತ್ರ ಬರೆಯುವುದಿಲ್ಲ ಬಿಡಿ.

ಯಾವುದು ಯಾವಾಗ ಬದಲಾಗುತ್ತದೆ ಅನ್ನುವ ಈ ಆಟವನ್ನು ನೋಡಿಕೊಳ್ಳಲು ಬ್ಯಾಂಕಿನೊಳಗೆ ಒಂದು ಸಮಿತಿ ಇರುತ್ತದೆ. ಆಸ್ತಿ ಮತ್ತು ಹೊಣೆಗಾರಿಕೆ ಸಮಿತಿ ಅಂತ ಅದರ ಹೆಸರು, ಇಂಗ್ಲಿಷಿನಲ್ಲಿ ಚುಟುಕಾಗಿ ನಾವು ಅದನ್ನು ಆಲ್ಕೋ ಅನ್ನುತ್ತಿದ್ದೆವು. ತಿಂಗಳಿಗೊಮ್ಮೆ ಸಭೆ. ಮೇಜಿನ ಮೇಲೆ ಒಂದು ಉದ್ದನೆಯ ಹಾಳೆ. ಮೇಲಿನ ಸಾಲಿನಲ್ಲಿ ಕಾಲ: ಒಂದು ತಿಂಗಳೊಳಗೆ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಐದು ವರ್ಷ, ಅದರಾಚೆ. ಒಂದೊಂದು ಅವಧಿಯಲ್ಲೂ ದರ ಬದಲಾಗುವ ಸಾಲ ಎಷ್ಟು, ಠೇವಣಿ ಎಷ್ಟು ಅಂತ ತುಂಬಬೇಕು. ಎಲ್ಲವೂ ಸುಲಭ, ಉಳಿತಾಯ ಖಾತೆ ಬರುವವರೆಗೆ. ಕಾಗದದ ಪ್ರಕಾರ ಆ ದುಡ್ಡು ನಾಳೆಯೇ ಎದ್ದು ಹೋಗಬಹುದು. ಅನುಭವದ ಪ್ರಕಾರ ವರ್ಷಗಟ್ಟಲೆ ಕದಲುವುದಿಲ್ಲ. ಅದನ್ನು ‘ಒಂದು ತಿಂಗಳೊಳಗೆ’ ಅನ್ನುವ ಕಾಲಂಗೆ ಹಾಕಬೇಕೋ ‘ಐದು ವರ್ಷ’ಕ್ಕೆ ಹಾಕಬೇಕೋ? ಈ ಒಂದು ಕಾಲಂಗಾಗಿ ನಾವು ಗಂಟೆಗಟ್ಟಲೆ ಜಗಳವಾಡಿದ್ದೇವೆ. ಅಲ್ಲಿ ಬರೆದ ಅಂಕಿಯ ಮೇಲೆ ಬ್ಯಾಂಕಿನ ಇಡೀ ಧೈರ್ಯ ನಿಂತಿರುತ್ತಿತ್ತು.

ಆ ಧೈರ್ಯ ಅತಿಯಾದರೆ ಏನಾಗುತ್ತದೆ ಅಂತ ಅಮೆರಿಕ ಎರಡು ಸಲ ತೋರಿಸಿದೆ. ಅಲ್ಲಿನ ಉಳಿತಾಯ ಮತ್ತು ಸಾಲ ಸಂಸ್ಥೆಗಳು 30 ವರ್ಷದ ಸ್ಥಿರ ಬಡ್ಡಿಯ ಮನೆ ಸಾಲ ಕೊಟ್ಟಿದ್ದವು. ಠೇವಣಿ ಮಾತ್ರ ಅಲ್ಪಾವಧಿಯದ್ದು. 1979ರಲ್ಲಿ ಪಾಲ್ ವೋಲ್ಕರ್ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿ ಬಂದು ಹಣದುಬ್ಬರ ಅಡಗಿಸಲು ಹೊರಟರು. ಅಲ್ಪಾವಧಿ ಬಡ್ಡಿ 1981ರ ಹೊತ್ತಿಗೆ ಶೇ 20ರ ಹತ್ತಿರ ಹೋಯಿತು. ಹಳೆಯ ಮನೆ ಸಾಲದಿಂದ ಬರುತ್ತಿದ್ದ ಬಡ್ಡಿ ಒಂದಂಕಿಯದ್ದು. ಮಾರ್ಜಿನ್ ಸೊನ್ನೆಗಿಂತ ಕೆಳಗೆ ಇಳಿಯಿತು. ಸಾಲದ ಗುಣಮಟ್ಟದ ತೊಂದರೆಗಳೂ ಸೇರಿಕೊಂಡು ಮುಂದಿನ ವರ್ಷಗಳಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಳುಗಿದವು. ಎರಡನೆಯದು ಮೊನ್ನೆ ಮೊನ್ನೆಯದು. ಸಿಲಿಕಾನ್ ವ್ಯಾಲಿ ಬ್ಯಾಂಕ್ ಅಗ್ಗದ ಠೇವಣಿಯನ್ನು ಕಡಿಮೆ ಬಡ್ಡಿಯ ದೀರ್ಘಾವಧಿ ಬಾಂಡುಗಳಲ್ಲಿ ಹಾಕಿ ಕೂತಿತ್ತು. 2022ರ ಮಾರ್ಚಿನಿಂದ ದರ ಏರತೊಡಗಿತು. ಹೊಸ ಬಾಂಡು ಹೆಚ್ಚು ಬಡ್ಡಿ ಕೊಡುವಾಗ ಹಳೆಯದನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಹಳೆಯ ಬಾಂಡಿನ ಬೆಲೆ ಕುಸಿಯಿತು. 2023ರ ಮಾರ್ಚಿನಲ್ಲಿ ಸುಮಾರು 2,100 ಕೋಟಿ ಡಾಲರಿನ ಬಾಂಡು ಮಾರಿ 180 ಕೋಟಿ ಡಾಲರ್ ನಷ್ಟ ಆಗಿದೆ ಅಂತ ಹೇಳಿಕೊಂಡರು. ಮರುದಿನ ಒಂದೇ ದಿನದಲ್ಲಿ ಠೇವಣಿದಾರರು 4,200 ಕೋಟಿ ಡಾಲರ್ ವಾಪಸ್ ಕೇಳಿದರು. ಮಾರ್ಚ್ 10ಕ್ಕೆ ಬ್ಯಾಂಕ್ ಮುಚ್ಚಿತು. ‘ಈ ದುಡ್ಡು ಕದಲುವುದಿಲ್ಲ’ ಅಂತ ಬರೆದ ಕಾಲಂ ಒಂದೇ ದಿನದಲ್ಲಿ ಸುಳ್ಳಾಯಿತು.

ದರ ತೀರಾ ಇಳಿದರೂ ಕಷ್ಟವೇ. ಠೇವಣಿಗೆ ಸೊನ್ನೆಗಿಂತ ಕಡಿಮೆ ಕೊಡಲು ಹೋದರೆ ಜನ ನೋಟನ್ನು ಮನೆಗೆ ಒಯ್ಯುತ್ತಾರೆ. ಸಾಲದ ದರ ಮಾತ್ರ ಇಳಿಯುತ್ತಲೇ ಇರುತ್ತದೆ. ಯುರೋಪಿನ ಕೇಂದ್ರ ಬ್ಯಾಂಕ್ 2014ರ ಜೂನಿನಲ್ಲಿ, ಜಪಾನಿನದ್ದು 2016ರಲ್ಲಿ ಸೊನ್ನೆಗಿಂತ ಕೆಳಗಿನ ದರ ತಂದವು. ಅಲ್ಲಿನ ಬ್ಯಾಂಕುಗಳ ಮಾರ್ಜಿನ್ ಎರಡೂ ಕಡೆಯಿಂದ ಒತ್ತಿದ ಹಾಗಾಯಿತು. ಅಮೆರಿಕದಲ್ಲೂ ದರ ಸೊನ್ನೆಯ ಹತ್ತಿರ ಇದ್ದ 2021ರಲ್ಲಿ ಬ್ಯಾಂಕುಗಳ ಮಾರ್ಜಿನ್ ಸುಮಾರು 2.5ಕ್ಕೆ ಇಳಿದಿತ್ತು.

ಬ್ಯಾಂಕಿನ ಕೈಯಲ್ಲಿಲ್ಲದ ಸಂಗತಿಗಳೂ ಇವೆ. 1981ರಲ್ಲಿ ಥಾಮಸ್ ಹೋ ಮತ್ತು ಆಂಟನಿ ಸಾಂಡರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬ್ಯಾಂಕನ್ನು ಒಬ್ಬ ದಲ್ಲಾಳಿಯ ಹಾಗೆ ನೋಡಿದರು. ಠೇವಣಿ ಇವತ್ತು ಬರುತ್ತದೆ, ಸಾಲಗಾರ ನಾಳೆ ಬರುತ್ತಾನೆ, ಆ ನಡುವೆ ದರ ಎತ್ತ ಹೋಗುತ್ತದೋ ಗೊತ್ತಿಲ್ಲ. ಆ ಅನಿಶ್ಚಿತತೆಯನ್ನು ಹೊತ್ತುಕೊಳ್ಳುವುದಕ್ಕೇ ಒಂದು ಕೂಲಿ ಬೇಕು ಅನ್ನುವುದು ಅವರ ವಾದ. ದರ ಹೆಚ್ಚು ಕುಣಿದಷ್ಟೂ, ಪೈಪೋಟಿ ಕಡಿಮೆಯಾದಷ್ಟೂ ಆ ಕೂಲಿ ಜಾಸ್ತಿ. ನನ್ನ ಅನುಭವವೂ ಅದೇ. ಆಮೇಲೆ 1999ರಲ್ಲಿ 80 ದೇಶಗಳ ಬ್ಯಾಂಕುಗಳನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಅಲ್ಲಿ ಕಂಡದ್ದರಲ್ಲಿ ಒಂದು ನಿಮಗೆ ಇಷ್ಟವಾಗಲಿಕ್ಕಿಲ್ಲ: ಬ್ಯಾಂಕಿನ ಮೇಲೆ ಹಾಕುವ ತೆರಿಗೆಯನ್ನು ಬ್ಯಾಂಕುಗಳು ಬಹುಪಾಲು ಗ್ರಾಹಕರಿಗೇ ದಾಟಿಸಿಬಿಡುತ್ತವೆ. ಬಡ್ಡಿಯಿಲ್ಲದ ಮೀಸಲೂ ಒಂಥರಾ ಗುಪ್ತ ತೆರಿಗೆಯೇ. ಹಣದುಬ್ಬರ ಜಾಸ್ತಿ ಇರುವ ಕಡೆ ಮಾರ್ಜಿನ್ ಜಾಸ್ತಿ. ಕರಾರು ಮುರಿದವನಿಂದ ಕೋರ್ಟಿನ ಮೂಲಕ ವಸೂಲಿ ಮಾಡಲು ವರ್ಷಗಟ್ಟಲೆ ಹಿಡಿಯುವ ಕಡೆಯೂ ಜಾಸ್ತಿ, ಯಾಕೆಂದರೆ ಅಡಮಾನ ಕಾಗದದಲ್ಲಷ್ಟೇ ಇರುತ್ತದೆ.

‘ಅಷ್ಟು ದುಡಿಯುವ ಬ್ಯಾಂಕ್ ಗಟ್ಟಿ’ ಅನ್ನುವ ನಿಮ್ಮ ಮಾತಿಗೆ ಬರುತ್ತೇನೆ. ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದ ಸಾಲು ಅದೊಂದೇ. ಮಾರ್ಜಿನ್ 5 ಅನ್ನುವುದು ಉತ್ತರವಲ್ಲ, ಪ್ರಶ್ನೆ. ಎಲ್ಲಿಂದ ಬಂತು 5? ಉಳಿತಾಯ ಮತ್ತು ಚಾಲ್ತಿ ಖಾತೆಯ ಅಗ್ಗದ ದುಡ್ಡು ಹೇರಳವಾಗಿದ್ದು ಬಂದಿದ್ದರೆ ಚಿನ್ನ. ಅಡಮಾನವಿಲ್ಲದ ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಅಂತ ದುಬಾರಿ ಬಡ್ಡಿಯ ಸಾಲ ತುಂಬಿಕೊಂಡು ಬಂದಿದ್ದರೆ ಕಾದು ನೋಡಬೇಕಾದ ವಿಷಯ. ಬಡ್ಡಿ ಮೊದಲು ಬರುತ್ತದೆ, ನಷ್ಟ ಆಮೇಲೆ ಬರುತ್ತದೆ. ಸಾಲ ಬೇಗ ಬೇಗ ಬೆಳೆಸುವ ವರ್ಷಗಳಲ್ಲಿ ಎಂಥ ಬ್ಯಾಂಕಾದರೂ ಚೆಂದ ಕಾಣುತ್ತದೆ. ನಾನಿದ್ದ ಒಂದು ಬ್ಯಾಂಕಿನಲ್ಲಿ ಎರಡು ವರ್ಷ ಮಾರ್ಜಿನ್ ಏರಿತು ಅಂತ ಸಿಹಿ ಹಂಚಿದೆವು. ಮೂರನೇ ವರ್ಷ ಅದೇ ಸಾಲಗಳಿಗೆ ತೆಗೆದಿಟ್ಟ ಮೊತ್ತ ಹಿಂದಿನ ಎರಡೂ ವರ್ಷದ ಏರಿಕೆಯನ್ನು ನುಂಗಿಹಾಕಿತು. ಸಿಹಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಹಾಗಾದರೆ ನೀವೇನು ಮಾಡಬಹುದು?

ಮೊದಲು ನಿಮ್ಮ ಮನೆಯ ಲೆಕ್ಕ. 6ಕ್ಕೆ ಇಟ್ಟು 12ಕ್ಕೆ ತರುವುದು ನಿಮಗೆ ನೂರಕ್ಕೆ 6 ನಷ್ಟ. ಠೇವಣಿ ಬಡ್ಡಿಗೆ ತೆರಿಗೆ ಬಿದ್ದರೆ ಆ ಮಟ್ಟಿಗೆ ಲೆಕ್ಕ ಬದಲಾಗುತ್ತದೆ. ಠೇವಣಿ ಮುರಿದು ಸಾಲ ತೀರಿಸಿದರೆ ಈ ನಷ್ಟ ನಿಲ್ಲುತ್ತದೆ. ಅಪಾಯ ಏನೆಂದರೆ, ಕೈಗೆ ಆಪತ್ಕಾಲದ ದುಡ್ಡು ಇರುವುದಿಲ್ಲ. ವ್ಯಾಪಾರ ಮಂದವಾದ ತಿಂಗಳಲ್ಲಿ ಹೊಸ ಸಾಲ ಕೇಳಲು ಹೋದರೆ ಬ್ಯಾಂಕ್ ಹಳೆಯ ಪ್ರೀತಿ ತೋರಿಸುವುದಿಲ್ಲ. ಬ್ಯಾಂಕುಗಳು ಬಿಸಿಲಿನಲ್ಲಿ ಕೊಡೆ ಕೊಟ್ಟು ಮಳೆ ಬಂದಾಗ ವಾಪಸ್ ಕೇಳುತ್ತವೆ ಅನ್ನುವುದು ಸುಳ್ಳಲ್ಲ. ಅವಧಿಗೆ ಮುಂಚೆ ಮುರಿದರೆ ದಂಡ ಎಷ್ಟು ಅಂತಲೂ ಕೇಳಿಕೊಳ್ಳಿ.

ನಾನಾಗಿದ್ದರೆ ನಡುವಿನ ದಾರಿ ಹಿಡಿಯುತ್ತಿದ್ದೆ. ಠೇವಣಿಯನ್ನೇ ಅಡವಿಟ್ಟು ಅದರ ಮೇಲೆ ಓವರ್‌ಡ್ರಾಫ್ಟ್ ಕೇಳಿ. ಇದಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದೆರಡು ಮಾತ್ರ ಮೇಲೆ ತೆಗೆದುಕೊಳ್ಳುತ್ತವೆ. ಅದೇ ಬ್ಯಾಂಕ್, ಅದೇ ನೀವು. ಆರರ ಅಂತರ ಒಂದೆರಡಕ್ಕೆ ಹೇಗೆ ಇಳಿಯಿತು? ಮುಳುಗುವ ಭಯ ಇಲ್ಲ, ಸ್ಥಳ ನೋಡುವ ಕೆಲಸ ಇಲ್ಲ, ಫೈಲು ನಾಲ್ಕು ಹಾಳೆ. ಆರರಲ್ಲಿ ಎಷ್ಟು ಭಾಗ ಭಯದ್ದು, ಎಷ್ಟು ಫೈಲಿನದ್ದು ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾವ ವಾರ್ಷಿಕ ವರದಿಯೂ ಹೇಳುವುದಿಲ್ಲ. ಠೇವಣಿ ಎಷ್ಟಿದೆಯೋ ಅದಕ್ಕಿಂತ ಕಡಿಮೆ ಮೊತ್ತ ಮಾತ್ರ ಸಿಗುತ್ತದೆ. ಸಾಲ ಕಟ್ಟದಿದ್ದರೆ ಠೇವಣಿ ಹೋಯಿತು ಅಂತಲೇ ಲೆಕ್ಕ. ಎಚ್ಚರ ಇರಲಿ.

ಮಿಕ್ಕ ಸಾಲಕ್ಕೆ ಚೌಕಾಸಿ ಮಾಡಿ. ನಾಚಿಕೆ ಬೇಡ, ದೊಡ್ಡ ಕಂಪನಿಗಳು ಅದನ್ನೇ ಮಾಡುವುದು. ಬರಿಗೈಯಲ್ಲಿ ಮಾತ್ರ ಹೋಗಬೇಡಿ. ಮೂರು ವರ್ಷದ ಲೆಕ್ಕಪತ್ರ, ಕಂತು ತಪ್ಪಿಲ್ಲ ಅನ್ನುವ ದಾಖಲೆ, ಇನ್ನೊಂದು ಬ್ಯಾಂಕಿನ ಲಿಖಿತ ಆಫರ್ ಇದ್ದರೆ ಅದು, ಇಷ್ಟು ಹಿಡಿದುಕೊಂಡು ಹೋಗಿ. ನಿಮ್ಮ ವ್ಯಾಪಾರದ ವಸೂಲಿಯೆಲ್ಲ ಆ ಬ್ಯಾಂಕಿನ ಚಾಲ್ತಿ ಖಾತೆಯಲ್ಲೇ ಓಡಾಡುತ್ತಿದ್ದರೆ ಅದನ್ನು ಎತ್ತಿ ಹೇಳಿ. ಆ ಬಡ್ಡಿಯಿಲ್ಲದ ದುಡ್ಡು ಅವರಿಗೆ ಎಷ್ಟು ಪ್ರೀತಿ ಅಂತ ನಿಮಗೀಗ ಗೊತ್ತು. ಸ್ಥಿರ ಬಡ್ಡಿಗೆ ಬದಲಾಯಿಸಬೇಕೇ ಅಂತ ಯೋಚಿಸುತ್ತಿದ್ದರೆ, ದರದ ಏರಿಳಿತದ ಹೊರೆ ಆಗ ಬ್ಯಾಂಕಿನ ಹೆಗಲಿಗೆ ಹೋಗುತ್ತದೆ, ಅದರ ಕೂಲಿಯನ್ನು ಅವರು ಮೊದಲ ದಿನದಿಂದಲೇ ಸೇರಿಸಿರುತ್ತಾರೆ. ದರ ಇಳಿದರೆ ನಿಮಗೆ ಹೊಟ್ಟೆ ಉರಿ. ಕಂತು ಏರಿದರೆ ವ್ಯಾಪಾರವೇ ನಿಲ್ಲುತ್ತದೆ ಅನ್ನುವ ಸ್ಥಿತಿ ಇದ್ದವರಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ.

ಠೇವಣಿ ಸಾಗಿಸುವ ಮಾತು. ಠೇವಣಿದಾರರಿಗೆ ಮಾರ್ಜಿನ್ ನೋಡಿ ಆಗಬೇಕಾದದ್ದು ಏನೂ ಇಲ್ಲ. ಆ 5ರಲ್ಲಿ ನಿಮಗೆ ಪಾಲಿಲ್ಲ, ನಿಮಗೆ ಕಡಿಮೆ ಕೊಟ್ಟದ್ದರಿಂದಲೇ ಅದು 5 ಆಗಿರಬಹುದು. ಅವರು ಕೊಡುವ ದರ ಎಷ್ಟು, ಠೇವಣಿ ವಿಮೆಯ ಮಿತಿ ಎಷ್ಟು, ನಿಮ್ಮ ಮೊತ್ತ ಅದರೊಳಗೆ ಇದೆಯೇ, ಇಷ್ಟು ನೋಡಿ. ಉಳಿದ ಬ್ಯಾಂಕುಗಳಿಗಿಂತ ತುಂಬಾ ಜಾಸ್ತಿ ದರ ಕೊಡುತ್ತಿದ್ದರೆ ಅವರಿಗೆ ದುಡ್ಡಿನ ಹಸಿವು ಯಾಕೆ ಅಂತ ಕೇಳಿಕೊಳ್ಳಿ.

ಷೇರು ಕೊಳ್ಳುವುದಿದ್ದರೆ ಒಂದು ವರ್ಷದ ಮಾರ್ಜಿನ್ ನೋಡಿ ಕೊಳ್ಳಬೇಡಿ. ಐದು ವರ್ಷದ ವರದಿ ಇಳಿಸಿಕೊಂಡು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಮಾರ್ಜಿನ್, ವಸೂಲಾಗದ ಸಾಲಕ್ಕೆ ತೆಗೆದಿಟ್ಟ ಮೊತ್ತ, ಒಟ್ಟು ಠೇವಣಿಯಲ್ಲಿ ಉಳಿತಾಯ ಮತ್ತು ಚಾಲ್ತಿ ಖಾತೆಯ ಪಾಲು. ಮೊದಲ ಎರಡು ಸಾಲು ಜೊತೆಜೊತೆಗೆ ಏರುತ್ತಿದ್ದರೆ ಆ ಹಾಳೆಯನ್ನು ಮಡಿಸಿಟ್ಟು ಇನ್ನೂ ಎರಡು ವರ್ಷ ಕಾಯಿರಿ.